ಬಾಂಡ್ ಮುಗಿದ ಮರುದಿನ

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಇಲ್ಲಿ ಒಂದು ವೈದ್ಯಕೀಯ ಕಾಲೇಜೂ ಇರಲಿಲ್ಲ. ಈಗ ಎರಡಿವೆ. ಒಂದು ಸರ್ಕಾರದ್ದು. ಇನ್ನೊಂದು ವಿಶ್ವೇಶ್ವರಯ್ಯನವರ ಊರಾದ ಮುದ್ದೇನಹಳ್ಳಿಯಲ್ಲಿ ಶುಲ್ಕವಿಲ್ಲದೆ ಕಲಿಸುವ ಶ್ರೀ ಮಧುಸೂದನ ಸಾಯಿ ಸಂಸ್ಥೆಯದ್ದು. 2023ರ ಮಾರ್ಚ್ 25ರಂದು ಪ್ರಧಾನಿ ಬಂದು ಅದನ್ನು ಉದ್ಘಾಟಿಸಿದರು. ಕೋವಿಡ್ ಕಾಲದಲ್ಲಿ ರಾಜ್ಯದ ಆರೋಗ್ಯ ಸಚಿವರಾಗಿದ್ದ ಡಾ. ಕೆ. ಸುಧಾಕರ್ ಕೂಡ ಇದೇ ಜಿಲ್ಲೆಯವರು. ಇಷ್ಟೆಲ್ಲ ಇದ್ದೂ ಶಿಡ್ಲಘಟ್ಟ ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲಿ ನಿಂತು "ನಿಮ್ಮ ಡಾಕ್ಟರ್ ಯಾರು?" ಎಂದು ಕೇಳಿದರೆ ಜನ ಆಸ್ಪತ್ರೆಯ ಹೆಸರು ಹೇಳುತ್ತಾರೆ, ಮೆಡಿಕಲ್ ಸ್ಟೋರಿನ ಹೆಸರು ಹೇಳುತ್ತಾರೆ. ಡಾಕ್ಟರ ಹೆಸರು ಬಾಯಿಗೆ ಬರುವುದಿಲ್ಲ. ಹೆಸರು ರೂಢಿಯಾಗುವಷ್ಟು ದಿನ ಅವರು ಇರುವುದಿಲ್ಲ.

ಪೇಟೆಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡು ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ನಾಡಿ ಹಿಡಿದ ಫ್ಯಾಮಿಲಿ ಡಾಕ್ಟರುಗಳ ತಲೆಮಾರು ಮುಗಿಯುತ್ತಾ ಬಂದಿದೆ. ಕೈಯಲ್ಲಿ ಕಾಸಿಲ್ಲದ ಮನೆಗೆ ಆ ಜಾಗದಲ್ಲಿ ಉಳಿದಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದರೆ ಪಿಎಚ್‌ಸಿಯ ವೈದ್ಯಾಧಿಕಾರಿ ಮಾತ್ರ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪಿಎಚ್‌ಸಿ ಎಂಬುದು ಸರ್ಕಾರದ ಲೆಕ್ಕ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹನ್ನೆರಡೂವರೆ ಲಕ್ಷ ದಾಟಿತ್ತು. ಕಟ್ಟಡಗಳು ಎದ್ದಿವೆ. ಅವುಗಳೊಳಗೆ ಕೂರುವ ಡಾಕ್ಟರನ್ನು ಕಾನೂನಿನ ಬಲದಿಂದ ಕರೆತರಬೇಕೋ, ಅಥವಾ ಅವರು ತಾವಾಗಿಯೇ ಬಂದು ನೆಲೆಸುವಂಥ ವೃತ್ತಿಯಾಗಿ ಆ ಕೆಲಸವನ್ನು ರೂಪಿಸಬೇಕೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಕಾನೂನಿನ ಬಲ ಬೇಕು ಎನ್ನುವವರ ಮಾತನ್ನು ಮೊದಲು ಕೇಳೋಣ. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆಯನ್ನು ಕರ್ನಾಟಕ 2012ರಲ್ಲಿ ಮಾಡಿತು. ಅದು ಕೋರ್ಟು ಕಟ್ಟೆ ಹತ್ತಿ ಇಳಿಯಿತು. ರಾಜ್ಯಗಳು ಇಂಥ ಸೇವೆಗೆ ಬಾಂಡ್ ಬರೆಸಿಕೊಳ್ಳುವುದು ತಪ್ಪಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಈ ವಾದದ ಬೇರು ಗಟ್ಟಿಯಾದದ್ದು. ಸರ್ಕಾರಿ ಸೀಟಿನಲ್ಲಿ ಓದಿದ ಒಬ್ಬೊಬ್ಬ ಡಾಕ್ಟರ ಹಿಂದೆಯೂ ಗೌರಿಬಿದನೂರಿನ ಜೋಳ ಬೆಳೆಗಾರನ, ಚಿಂತಾಮಣಿಯ ಟೊಮೆಟೊ ಕೂಲಿಯವಳ ತೆರಿಗೆ ಇದೆ. ಸೋಪು ಕೊಂಡರೂ ಬೀಡಿ ಕೊಂಡರೂ ಅವರು ತೆರಿಗೆ ಕಟ್ಟುತ್ತಾರೆ. ಐದೂವರೆ ವರ್ಷದ ಓದಿಗೆ ಪ್ರತಿಯಾಗಿ ಒಂದು ವರ್ಷ ಕೇಳುವುದು ದುಬಾರಿಯೇನಲ್ಲ. ಕಲಿಕೆಯ ದೃಷ್ಟಿಯಿಂದಲೂ ಈ ವಾದಕ್ಕೆ ತೂಕವಿದೆ. ದೊಡ್ಡ ಆಸ್ಪತ್ರೆಯ ವಿದ್ಯಾರ್ಥಿ ನೋಡುವ ರೋಗಿ ಮೂರು ಕಡೆ ತೋರಿಸಿ, ಹೆಸರಿಟ್ಟ ಕಾಯಿಲೆ ಹೊತ್ತು ಬಂದವನು. "ಮೈಯೆಲ್ಲ ಒಂಥರಾ ಆಗ್ತದೆ ಸಾರ್" ಎಂದಷ್ಟೇ ಹೇಳುವ ರೋಗಿ ಎದುರು ಕೂರುವುದು ಹಳ್ಳಿಯಲ್ಲಿ.

ಎಳೆಯ ಡಾಕ್ಟರುಗಳ ಮಾತಿನಲ್ಲೂ ಅಷ್ಟೇ ನ್ಯಾಯವಿದೆ. ಇಪ್ಪತ್ನಾಲ್ಕರ ಹುಡುಗಿಯೊಬ್ಬಳನ್ನು ಊರಾಚೆಯ, ಮಳೆ ಬಂದರೆ ಸೋರುವ ಕ್ವಾರ್ಟರ್ಸಿಗೆ ಕಳಿಸಿ "ಸೇವೆ ಮಾಡಮ್ಮ" ಎನ್ನುವುದು ಸುಲಭ. ರಾತ್ರಿ ಕುಡಿದವರ ಗುಂಪು ಬಾಗಿಲು ಬಡಿದರೆ ಅವಳ ಜೊತೆಗೆ ಯಾರಿದ್ದಾರೆ? ವೈದ್ಯರ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಆದರೆ ಆ ಬಾಗಿಲಲ್ಲಿ ಒಬ್ಬ ಕಾವಲುಗಾರ ಇರುತ್ತಾನೆಂಬ ಖಾತ್ರಿ ಇಲ್ಲ. ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಎಂಬಿಬಿಎಸ್ ವೈದ್ಯರಿಗೆ ತಿಂಗಳಿಗೆ 45,000 ರೂಪಾಯಿ ಕೊಡುತ್ತಿದ್ದರು. 2020ರಲ್ಲಿ, ಕೋವಿಡ್ ಏರುತ್ತಿದ್ದ ದಿನಗಳಲ್ಲಿ, ರಾಜೀನಾಮೆ ಕೊಡುತ್ತೇವೆ ಎಂದು ಅವರು ಎದ್ದು ನಿಂತ ಮೇಲೆ ಅದು 60,000 ಆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಪ್ರಾಣ ಕಳೆದುಕೊಂಡಾಗ, ಕೆಲಸದ ಒತ್ತಡದ ಬಗ್ಗೆ ರಾಜ್ಯದ ಸರ್ಕಾರಿ ವೈದ್ಯರೆಲ್ಲ ಒಂದೇ ದನಿಯಲ್ಲಿ ಮಾತಾಡಿದರು.

ಆ ಒತ್ತಡ ಬರೀ ರೋಗಿಗಳದ್ದಲ್ಲ. ಬೆಳಿಗ್ಗೆ ಹೊರರೋಗಿಗಳನ್ನು ನೋಡುವ ಓಪಿಡಿ. ಅದರ ನಡುವೆಯೇ ಲಸಿಕೆ, ಕ್ಷಯ, ಡೆಂಗಿ ಲಾರ್ವಾ ಸಮೀಕ್ಷೆ, ಬಿಪಿ ಶುಗರ್ ತಪಾಸಣೆ, ಒಂದೊಂದಕ್ಕೂ ಒಂದೊಂದು ಪೋರ್ಟಲ್. ಸಂಜೆ ಐದಕ್ಕೆ ವಿಡಿಯೊ ಮೀಟಿಂಗು. ಹೊಡೆದಾಟದ ಪೊಲೀಸ್ ಕೇಸಿನ ವೈದ್ಯಕೀಯ ದಾಖಲೆ (ಎಂಎಲ್‌ಸಿ), ಜಾತ್ರೆ ಡ್ಯೂಟಿ, ಎಲ್ಲೋ ಖಾಲಿಯಾದ ಜಾಗಕ್ಕೆ ಡೆಪ್ಯುಟೇಷನ್. ಕೆರೆಯಲ್ಲಿ ಹೆಣ ಸಿಕ್ಕರೆ ಪೋಸ್ಟ್‌ಮಾರ್ಟಂ ಕೂಡ ಸರ್ಕಾರಿ ವೈದ್ಯರ ಪಾಲಿನದೇ. ಇದರ ಮಧ್ಯೆ ನೀಟ್ ಪಿಜಿಗೆ ಓದಬೇಕು. ಓದದಿದ್ದರೆ "ಬರೀ ಎಂಬಿಬಿಎಸ್ಸಾ?" ಎನ್ನುತ್ತಾರೆ. ಹಾಗೆ ಕೇಳುವವರು ಮದುವೆಗೆ ಹೆಣ್ಣು ಗಂಡು ನೋಡುವವರಷ್ಟೇ ಅಲ್ಲ, ರೋಗಿಗಳೂ ಹಾಗೇ ಕೇಳುತ್ತಾರೆ. ಆ ಮಾತು ಅವರನ್ನು ಎಷ್ಟು ಕುಗ್ಗಿಸುತ್ತದೆ ಎಂದು ಕೇಳುವವರಿಗೆ ತಿಳಿದಿರಲಿಕ್ಕಿಲ್ಲ.

2023ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಖಾಲಿ ಹುದ್ದೆ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಕಡ್ಡಾಯ ಸೇವೆ ಎಂದು ಸಡಿಲ ಮಾಡಿತು. ಕಾಲೇಜುಗಳು ಹೆಚ್ಚಾಗಿ, ಹೊರಬರುವ ವೈದ್ಯರಿಗೆಲ್ಲ ಹುದ್ದೆ ಕೊಡಲಾಗದ ಸ್ಥಿತಿ ಬಂದಿತ್ತು. ಕಡ್ಡಾಯದ ಪರವಿದ್ದವರು ಬೇಸರಪಟ್ಟರು, ವಿದ್ಯಾರ್ಥಿಗಳು ನೆಮ್ಮದಿಯ ಉಸಿರುಬಿಟ್ಟರು. ಇಬ್ಬರೂ ಲೆಕ್ಕ ಹಾಕುತ್ತಿದ್ದದ್ದು ಕುರ್ಚಿ ತುಂಬಿದೆಯೇ ಇಲ್ಲವೇ ಎಂಬುದನ್ನು. ತುಂಬಿದ ಕುರ್ಚಿಯಿಂದ ಹಳ್ಳಿಗೆ ಏನು ಸಿಗುತ್ತದೆ ಎಂದು ನೋಡಬೇಕಾದರೆ ಈ ಜಿಲ್ಲೆಯ ತಾಲ್ಲೂಕುಗಳ ಕಾಯಿಲೆಗಳನ್ನೇ ಹತ್ತಿರದಿಂದ ನೋಡಬೇಕು.

ಶಿಡ್ಲಘಟ್ಟ ರೇಷ್ಮೆಯ ಊರು. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ರೀಲಿಂಗ್ ಶೆಡ್ಡುಗಳಲ್ಲಿ ಹಬೆ, ಹೊಗೆ, ಸತ್ತ ಹುಳುವಿನ ವಾಸನೆ. ವರ್ಷಗಟ್ಟಲೆ ಅಲ್ಲಿ ಕೂತವರಿಗೆ ಕೈಯ ಚರ್ಮ ಬಿಳಿಚಿ ಸುಲಿಯುತ್ತದೆ, ಕೆಲವರಿಗೆ ಉಬ್ಬಸ ಶುರುವಾಗುತ್ತದೆ. ಅಂಥವರು ಕೆಮ್ಮುತ್ತಾ ಬಂದಾಗ ಹೊಸ ಡಾಕ್ಟರ್ ಕಫ ಪರೀಕ್ಷೆಗೆ ಬರೆಯುತ್ತಾರೆ, ಕ್ಷಯ ಇಲ್ಲವೆಂದು ಬಂದರೆ ಸಿರಪ್ ಕೊಟ್ಟು ಕಳಿಸುತ್ತಾರೆ. ಅದು ತಪ್ಪಲ್ಲ. ಮೂರು ವರ್ಷ ಅಲ್ಲೇ ಇದ್ದ ಡಾಕ್ಟರ್ ಮಾತ್ರ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಶೆಡ್ ಬಂದ್ ಇದ್ದಾಗ ಕೆಮ್ಮು ಕಮ್ಮಿ ಇರ್ತದಾ?" ರೋಗದ ಮೂಲ ಸಿಗುವುದು ಆ ಪ್ರಶ್ನೆಯಲ್ಲಿ.

ಅಂತರ್ಜಲ ಪಾತಾಳಕ್ಕಿಳಿದ ಈ ಸೀಮೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಇನ್ನೊಂದು ಸಂಕಟ. ಹಲ್ಲಿನ ಕಂದು ಗೆರೆ ಕಣ್ಣಿಗೆ ಬೀಳುತ್ತದೆ, ಮೂಳೆಯೊಳಗಿನದು ಬೀಳುವುದಿಲ್ಲ. ಸೊಂಟ ಹಿಡಿದುಕೊಂಡು ಬಂದ ನಲವತ್ತೈದರ ರೈತನಿಗೆ ನೋವಿನ ಮಾತ್ರೆ ಬರೆಯುವುದು ಎರಡು ನಿಮಿಷದ ಕೆಲಸ. ಅವನ ಮನೆಗೆ ಯಾವ ಬೋರಿನ ನೀರು ಬರುತ್ತದೆ, ಅದೇ ನೀರು ಕುಡಿಯುವ ಅಣ್ಣನಿಗೂ ಹೀಗೇ ಆಗಿದೆಯೇ, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯಿಂದ ಕಿಡ್ನಿ ಹೇಗಿದೆ ಎಂದು ಜೋಡಿಸಿ ನೋಡಲು ಆ ಮನೆಯ ಪರಿಚಯ ಬೇಕು. ಭಾಷೆಯೂ ಬೇಕು. ಚಿಂತಾಮಣಿ ಕಡೆ ಮನೆಮಾತು ತೆಲುಗು, ರೀಲರ್‌ಗಳ ಮನೆಗಳಲ್ಲಿ ಹೆಚ್ಚಾಗಿ ಉರ್ದು. ಕಲಬುರಗಿಯಿಂದಲೋ ಮಂಗಳೂರಿನಿಂದಲೋ ಬಂದವರಿಗೆ ಬಾಣಂತಿಯ ದುಗುಡ ಅವಳ ಮಾತಿನಲ್ಲಿ ತಿಳಿಯುವ ಹೊತ್ತಿಗೆ ಬಾಂಡಿನ ವರ್ಷ ಮುಗಿದಿರುತ್ತದೆ. ಮರುದಿನ ಅವರು ಹೊರಡುತ್ತಾರೆ. ಅವರ ಜೊತೆಗೆ ಆ ತಿಳಿವಳಿಕೆಯೂ ಹೋಗುತ್ತದೆ. ಬಿಪಿ, ಸಕ್ಕರೆ ಕಾಯಿಲೆಗಳಲ್ಲಂತೂ ಈ ನಷ್ಟ ಇನ್ನೂ ಹೆಚ್ಚು. ಅವು ಸಾಯುವವರೆಗೆ ಜೊತೆಗಿರುವ ಕಾಯಿಲೆಗಳು; ಡಾಕ್ಟರ್ ಬದಲಾದಾಗಲೆಲ್ಲ ಮಾತ್ರೆಯೂ ಬದಲಾದರೆ ರೋಗಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ.

ಈ ಜಿಲ್ಲೆಗೇ ವಿಶೇಷವಾದ ಒಂದು ಸಂಗತಿ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಬೆಂಗಳೂರಿನಿಂದ ದಿನಾ ಬಂದುಹೋಗಬಹುದಾದ ದೂರದಲ್ಲಿವೆ, ನಾಲ್ಕಕ್ಕೂ ರೈಲಿದೆ. ಹಾಗಾಗಿ ಯಾದಗಿರಿಯಲ್ಲಿ ಡಾಕ್ಟರ್ ಸಿಗದಂಥ ಕೊರತೆ ಇಲ್ಲಿಯದಲ್ಲ. ಇಲ್ಲಿಯ ಪೋಸ್ಟಿಂಗು ಬೇಡುವವರಿದ್ದಾರೆ. ಆದರೆ ಯಲಹಂಕದಲ್ಲಿ ಮನೆ, ಹಳ್ಳಿಯಲ್ಲಿ ಕೆಲಸ ಎಂದಾದಾಗ ಡಾಕ್ಟರ್ ಇರುವುದು ಒಂಬತ್ತರಿಂದ ನಾಲ್ಕೂವರೆಯವರೆಗೆ. ಹೊಲದಿಂದ ಜನ ಮನೆಗೆ ಬರುವುದೇ ಆಮೇಲೆ. ಸಾಲಕ್ಕೆ ಬೇಸತ್ತು ಕೀಟನಾಶಕ ಕುಡಿದವನನ್ನು ಹೊತ್ತು ತರುವುದು ರಾತ್ರಿ. "ಕೇಂದ್ರಸ್ಥಾನದಲ್ಲೇ ವಾಸವಿರಬೇಕು" ಎಂಬ ನಿಯಮವನ್ನು ಊರಿನವರು ಎತ್ತಿ ತೋರಿಸುತ್ತಾರೆ, ಅದು ನ್ಯಾಯವೇ. ಡಾಕ್ಟರ ಹೆಂಡತಿಗೆ ಕೆಲಸ ಬೆಂಗಳೂರಿನಲ್ಲಿ, ಮಗುವಿಗೆ ಶಾಲೆ ಬೆಂಗಳೂರಿನಲ್ಲಿ. ಅವರನ್ನು ಬಿಟ್ಟಿರು ಎಂದು ತಹಶೀಲ್ದಾರರಿಗಾಗಲಿ ಹೈಸ್ಕೂಲ್ ಮೇಷ್ಟ್ರಿಗಾಗಲಿ ಯಾರೂ ಇಷ್ಟು ಗಟ್ಟಿಯಾಗಿ ಹೇಳುವುದಿಲ್ಲ ಎಂಬುದೂ ನಿಜವೇ. ಒಬ್ಬರೇ ಡಾಕ್ಟರ್ ಇರುವ ಕೇಂದ್ರದಲ್ಲಿ ಈ ಜಗಳ ಬಗೆಹರಿಯುವುದಿಲ್ಲ. ಒಬ್ಬ ಮನುಷ್ಯ ಇಪ್ಪತ್ನಾಲ್ಕು ಗಂಟೆ ಎಚ್ಚರ ಇರಲಾರ.

ಕೇರಳ ಇದಕ್ಕೊಂದು ದಾರಿ ಹುಡುಕಿತು. 2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಲ್ಲಿ ಪಿಎಚ್‌ಸಿಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾಡುತ್ತಾ, ಕೇಂದ್ರಕ್ಕೆ ಮೂವರು ಡಾಕ್ಟರು, ಸಂಜೆ ಆರರವರೆಗೆ ಓಪಿಡಿ ಎಂದು ಗೊತ್ತುಮಾಡಿತು. ಖರ್ಚು ಹೆಚ್ಚು, ನಮ್ಮ ಖಜಾನೆಗೆ ಆಗದು ಎನ್ನುವವರಿದ್ದಾರೆ. ಎಲ್ಲ ಕೇಂದ್ರಗಳಿಗೂ ಮೂವರನ್ನು ಕೊಡುವುದು ಕಷ್ಟವೇ. ಹೋಬಳಿಗೆ ಒಂದು ಕೇಂದ್ರವನ್ನಾದರೂ ಹಾಗೆ ಮಾಡಲು ಅಡ್ಡಿಯೇನು ಎಂದು ಮಾತ್ರ ನನಗೆ ತಿಳಿಯುತ್ತಿಲ್ಲ.

ಸರ್ಕಾರಿ ಸೇವೆಯಲ್ಲಿ ಮೇಲೇರುವ ಹಾದಿ ಯಾವುದು ಎಂಬುದು ಈ ಚರ್ಚೆಯ ನಡುಮಧ್ಯದ ವಿಷಯ. ಮುಖ್ಯವಾಗಿ ಹಾದಿಗಳು ಎರಡು. ಒಂದು, ಸೇವಾನಿರತರ ಕೋಟಾದಲ್ಲಿ ಪಿಜಿ ಮಾಡಿ ತಜ್ಞರಾಗಿ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಹೋಗುವುದು. ಇನ್ನೊಂದು, ತಾಲ್ಲೂಕು ಇಲ್ಲವೇ ಜಿಲ್ಲಾ ಆರೋಗ್ಯಾಧಿಕಾರಿಯಾಗಿ ಫೈಲಿನ ಹಿಂದೆ ಕೂರುವುದು. ಎರಡರಲ್ಲಿ ಯಾವುದನ್ನು ಹಿಡಿದರೂ ಹಳ್ಳಿಯ ಓಪಿಡಿ ಬಿಡಲೇಬೇಕು. ತಮಿಳುನಾಡು ಪಿಜಿ ಸೀಟುಗಳಲ್ಲಿ ಅರ್ಧವನ್ನು ಸರ್ಕಾರಿ ವೈದ್ಯರಿಗೆ ಮೀಸಲಿಟ್ಟಿದೆ. ಇಂಥ ಕೋಟಾ ಕೊಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು. ಪಿಜಿ ಸೀಟಿನ ಆಸೆ ಹಳ್ಳಿಗೆ ಡಾಕ್ಟರನ್ನು ತರುತ್ತದೆ. ಅದೇ ಆಸೆ ಕೆಲವು ವರ್ಷಕ್ಕೆ ಅವರನ್ನು ಹಳ್ಳಿಯಿಂದ ಕರೆದೊಯ್ಯುತ್ತದೆ.

ಮೂರನೆಯ ಹಾದಿಯೊಂದು ಕಾಗದದ ಮೇಲೆ ಇದೆ. ಫ್ಯಾಮಿಲಿ ಮೆಡಿಸಿನ್ ನಮ್ಮ ದೇಶದಲ್ಲೂ ಮೂರು ವರ್ಷದ ಸ್ನಾತಕೋತ್ತರ ವಿಷಯ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಬಹಳ ಕಾಲದಿಂದ ಇದೆ, ಎಂ.ಡಿ.ಯನ್ನು ಮೊದಲು ಶುರುಮಾಡಿದ ಕಾಲೇಜುಗಳಲ್ಲಿ ಕ್ಯಾಲಿಕಟ್‌ನ ಸರ್ಕಾರಿ ಕಾಲೇಜು ಒಂದು. ಬ್ರಿಟನ್ನಿನಲ್ಲಿ ಫ್ಯಾಮಿಲಿ ಡಾಕ್ಟರ್ ಆಗಬೇಕಾದರೆ ಅದಕ್ಕೆಂದೇ ಪ್ರತ್ಯೇಕ ತರಬೇತಿ ಪಡೆಯಬೇಕು. ಅಲ್ಲಿ ಅದು ಪಿಜಿ ಸಿಗದವರ ಕೆಲಸವಲ್ಲ. ನಮ್ಮಲ್ಲಿ ಸೀಟು ಬೆರಳೆಣಿಕೆಯಷ್ಟು. ಓದಿ ಬಂದವರಿಗೆ ಪಿಎಚ್‌ಸಿಯಲ್ಲಿ ತಜ್ಞರ ಹುದ್ದೆಯಿಲ್ಲ, ತಜ್ಞರ ಸಂಬಳವೂ ಇಲ್ಲ. ಇದಕ್ಕೂ ಆಕ್ಷೇಪವಿದೆ: ಎಂ.ಡಿ. ಮಾಡಿದವರು ಹಳ್ಳಿಗೆ ಬರುವ ಬದಲು ಬೆಂಗಳೂರಿನ ಕಾರ್ಪೊರೇಟ್ ಕ್ಲಿನಿಕ್ಕಿಗೆ ಹೋದರೆ? ಹೋಗುವವರು ಹೋಗುತ್ತಾರೆ, ಆ ಭಯ ಸುಳ್ಳಲ್ಲ. ಅದಕ್ಕೇ ಈ ಸೀಟುಗಳು ನಗರದ ಕಾಲೇಜಿನಲ್ಲಿರದೆ ತಾಲ್ಲೂಕು ಆಸ್ಪತ್ರೆಯಲ್ಲೇ ಇರಬೇಕು; ಈಗಾಗಲೇ ಸೇವೆಯಲ್ಲಿರುವ, ಸ್ಥಳೀಯ ಭಾಷೆ ಬಲ್ಲ ವೈದ್ಯರಿಗೆ ಮೊದಲು ಸಿಗಬೇಕು.

ಇಷ್ಟು ತೂಗಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಖಾಲಿ ಹುದ್ದೆಗಳಿಗೆ ಮಾತ್ರ ಬಾಂಡ್ ಎಂಬ ಈಗಿನ ನಿಯಮ ಸದ್ಯಕ್ಕೆ ಇರಲಿ. ತೆಗೆದರೆ ಮೊದಲು ಖಾಲಿಯಾಗುವುದು ಆಂಧ್ರದ ಗಡಿಗೆ ಅಂಟಿದ ದೂರದ ಹಳ್ಳಿಗಳು. ಆದರೆ ಅದನ್ನು ತುರ್ತಿನ ಏರ್ಪಾಡೆಂದಷ್ಟೇ ಕಾಣಬೇಕು. ಎಂಟು ಹತ್ತು ವರ್ಷ ಒಂದೇ ಸೀಮೆಯಲ್ಲಿ ರೋಗಿಗಳನ್ನು ನೋಡಿದ ವೈದ್ಯರಿಗೆ, ಅವರು ಆಡಳಿತಕ್ಕೆ ಹೋಗದೆ ಓಪಿಡಿಯಲ್ಲೇ ಉಳಿದರೂ, ಬಡ್ತಿಯೂ ತಜ್ಞರಿಗೆ ಸಮನಾದ ಸಂಬಳವೂ ಸಿಗಬೇಕು. ಚಿಕ್ಕಬಳ್ಳಾಪುರದ ಎರಡು ವೈದ್ಯಕೀಯ ಕಾಲೇಜುಗಳು ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗಳೊಂದಿಗೆ ಕೈಜೋಡಿಸಿ ಫ್ಯಾಮಿಲಿ ಮೆಡಿಸಿನ್ ಎಂ.ಡಿ. ಆರಂಭಿಸಬೇಕು. ಜಿಲ್ಲೆಯ ಶಾಸಕರೂ ಸಂಸದರೂ ಇದನ್ನು ಪಕ್ಷ ಬಿಟ್ಟು ಕೇಳಬೇಕು. ಓದುಗರಲ್ಲೂ ಒಂದು ವಿನಂತಿ: ಪ್ರತಿ ಪಿಎಚ್‌ಸಿಗೂ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ, ಅದರಲ್ಲಿ ಊರಿನವರೂ ಸದಸ್ಯರು. ಮುಂದಿನ ಸಭೆ ಯಾವಾಗ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡು ಹೋಗಿ, ಡಾಕ್ಟರ ಕ್ವಾರ್ಟರ್ಸಿನ ಸೂರು, ರಾತ್ರಿಯ ಕಾವಲು, ಸಂಜೆಯ ಓಪಿಡಿ ಈ ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.