ಕಾಯಬಹುದಾದ ಗಂಟಿಗೆ ಕತ್ತರಿ ಯಾಕೆ?

ತೈವಾನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದ ಹೆಂಗಸರ ಪೈಕಿ ಐದು ವರ್ಷ ಬದುಕುವವರ ಪ್ರಮಾಣ ಕೆಲವೇ ವರ್ಷಗಳಲ್ಲಿ ಶೇ 18ರಿಂದ 40ಕ್ಕೆ ಏರಿತು. ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದರ ಫಲ ಎಂದು ಸಂಭ್ರಮಿಸುವ ಮುನ್ನ ಇನ್ನೊಂದು ಲೆಕ್ಕ ನೋಡಿ. 2004ರಿಂದ 2018ರೊಳಗೆ ಅಲ್ಲಿನ ಹೆಂಗಸರಲ್ಲಿ ಆರಂಭಿಕ ಹಂತದ ಪ್ರಕರಣಗಳು ಲಕ್ಷಕ್ಕೆ 2.3ರಿಂದ 14.4ಕ್ಕೆ ಜಿಗಿದವು. ಬೇಗ ಹಿಡಿದದ್ದೇ ಜೀವ ಉಳಿಸಿದ್ದರೆ ಮುಂದುವರಿದ ಹಂತದಲ್ಲಿ ಬರುವವರು ಅಷ್ಟರಮಟ್ಟಿಗೆ ಇಳಿಯಬೇಕಿತ್ತಲ್ಲ? ಆ ಸಂಖ್ಯೆ 18.7 ಇದ್ದದ್ದು 19.3 ಆಯಿತು. ಎಂದೂ ಕೊಲ್ಲದ ಗಂಟುಗಳನ್ನೂ ಕ್ಯಾನ್ಸರ್ ಲೆಕ್ಕಕ್ಕೆ ಸೇರಿಸಿದರೆ ಬದುಕುಳಿದವರ ಶೇಕಡಾವಾರು ತಾನಾಗಿಯೇ ಏರುತ್ತದೆ. ಆ ಹೆಂಗಸರಲ್ಲಿ ಸಿಗರೇಟು ಸೇದುವವರು ತೀರಾ ಕಡಿಮೆ ಎಂಬುದನ್ನೂ ಮರೆಯಬಾರದು.

ನಾನು ಸ್ಕ್ಯಾನಿನ ವಿರೋಧಿಯಲ್ಲ. ದಶಕಗಟ್ಟಲೆ ಸೇದಿದವರಲ್ಲಿ ಕಡಿಮೆ ವಿಕಿರಣದ ಸಿಟಿ ಸಾವನ್ನು ತಗ್ಗಿಸುತ್ತದೆ. 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆ 2011ರಲ್ಲೇ ಅದನ್ನು ತೋರಿಸಿದೆ. ನನ್ನ ತಕರಾರು ಸೇದದವರ ಎದೆಯಲ್ಲಿ ಮಸುಕು ಗಾಜಿನಂತೆ ಕಾಣುವ ಸಣ್ಣ ಗಂಟು ಸಿಕ್ಕ ಕೂಡಲೇ ಆಪರೇಷನ್ನಿಗೆ ದಿನ ಗೊತ್ತು ಮಾಡುವ ಅವಸರದ ಬಗ್ಗೆ. ಇಂಥ ಗಂಟು ಆರು ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಮರುಸ್ಕ್ಯಾನೂ ಬೇಡ ಎನ್ನುತ್ತದೆ ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ. ದೊಡ್ಡದಿದ್ದರೆ ಆರರಿಂದ ಹನ್ನೆರಡು ತಿಂಗಳ ನಡುವೆ ಒಮ್ಮೆ ನೋಡಿ, ಹಾಗೇ ಇದ್ದರೆ ಎರಡು ವರ್ಷಕ್ಕೊಮ್ಮೆಯಂತೆ ಐದು ವರ್ಷದವರೆಗೆ ಗಮನಿಸಬೇಕು. ಒಳಗೆ ಗಟ್ಟಿ ಭಾಗ ಮೂಡಿದರೆ ಅಥವಾ ಗಂಟು ಬೆಳೆಯತೊಡಗಿದರೆ ಆಗ ಕತ್ತರಿಯ ಮಾತು. ಪೂರ್ತಿ ಗಟ್ಟಿ ಗಂಟಿನ ದಾರಿಯೇ ಬೇರೆ, ಅಲ್ಲಿ ಇಷ್ಟು ಸಾವಧಾನ ಸಲ್ಲ.

“ಕಾದು ಕೂತು ಹರಡಿಬಿಟ್ಟರೆ?” ಎಂಬ ಭಯ ಸಹಜ. ಆದರೆ ಕತ್ತರಿಸಿ ತೆಗೆದ ಶ್ವಾಸಕೋಶ ಮತ್ತೆ ಚಿಗುರುವುದಿಲ್ಲ. ಎದೆನೋವು, ಏದುಸಿರು ಕೆಲವರಿಗೆ ಕಾಯಂ ಆಗುತ್ತವೆ. ಆ ಬೆಲೆಯನ್ನು ಯಾರೂ ಮೊದಲು ಹೇಳುವುದಿಲ್ಲ.

ಬೆಂಗಳೂರಿನಲ್ಲೂ ಹೆಲ್ತ್ ಚೆಕಪ್ ಪ್ಯಾಕೇಜಿನೊಳಗೆ ಎದೆಯ ಸಿಟಿ ನುಸುಳುತ್ತಿದೆ. ಟಿಬಿ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಹಳೆಯ ಸೋಂಕಿನ ಕಲೆಗಳು ಎಷ್ಟು ಎದೆಗಳಲ್ಲಿಲ್ಲ! ಒಂದೊಂದನ್ನೂ ಬಯಾಪ್ಸಿಗೆ ಕಳಿಸುತ್ತೀರಾ? ಪ್ಯಾಕೇಜ್ ಮಾರುವ ಆಸ್ಪತ್ರೆ, ದುಡ್ಡು ಕಟ್ಟಿಸಿಕೊಳ್ಳುವ ಮುಂಚೆಯೇ, ಗಂಟು ಸಿಕ್ಕರೆ ಏನು ಮಾಡುತ್ತೇವೆ, ಎಷ್ಟು ದಿನ ಕಾಯುತ್ತೇವೆ, ಮರುಸ್ಕ್ಯಾನಿನ ಖರ್ಚು ಯಾರದು ಎಂದು ಕನ್ನಡದಲ್ಲಿ ಬರೆದುಕೊಡಲಿ. ಕೊಡದಿದ್ದರೆ ಆ ಸಿಟಿಯನ್ನು ಪಟ್ಟಿಯಿಂದ ಹೊಡೆದುಹಾಕಿ ಎಂದು ಕೌಂಟರಿನಲ್ಲೇ ಹೇಳಿ.