ಮೇಜಿನ ಮೇಲಿನ ರೈಲು

ಬಾಗಲಕೋಟೆ–ಕುಡಚಿ ರೈಲುಮಾರ್ಗಕ್ಕೆ 2010-11ರಲ್ಲಿ ಮಂಜೂರಾತಿ ದೊರೆತ ಮೇಲೆ ಮುಧೋಳ, ಜಮಖಂಡಿಗಳ ಜನ ಗಾಡಿಯ ಸಿಳ್ಳಿಗಾಗಿ ವರ್ಷಗಟ್ಟಲೆ ಕಿವಿಗೊಟ್ಟು ಕಾದಿದ್ದಾರೆ. ಅಲ್ಲಿಯ ಬಾಲಕನೊಬ್ಬ ಮೇಜಿನ ಮೇಲೆಯೇ ಪುಟ್ಟ ಹಳಿ ಹಾಸಿ ಗಾಡಿ ಓಡಿಸಬಯಸಿದರೆ ಹಿರಿಯರು ಬೇಡವೆನ್ನಬಾರದು. ವಿದ್ಯುತ್ತನ್ನು ಒದಗಿಸುವ ಬಗೆಯನ್ನು ಮಾತ್ರ ಮೊದಲು ಕಲಿಸಬೇಕು.

ಮನೆಯ ವಿದ್ಯುತ್ತು 230 ವೋಲ್ಟಿನದು. ವಿದ್ಯುತ್ ಮಗ್ಗಗಳ ನಡುವೆ ಬೆಳೆದ ರಬಕವಿ-ಬನಹಟ್ಟಿಯ ಮಕ್ಕಳಿಗೆ ಅದರ ಬಲ ತಿಳಿಯದ್ದಲ್ಲ. ಅದನ್ನು ನೇರವಾಗಿ ಹಳಿಗೆ ಹರಿಸಿದರೆ ಪ್ರಾಣಕ್ಕೇ ಸಂಚಕಾರ. ಅಂಗಡಿಯಲ್ಲಿ ದೊರೆಯುವ ಮುಚ್ಚಿದ ನಿಯಂತ್ರಕ ಪೆಟ್ಟಿಗೆಯು ಅದನ್ನು ಸುಮಾರು 12 ವೋಲ್ಟಿಗೆ ಇಳಿಸಿ, ಏಕಮುಖ ಪ್ರವಾಹವಾಗಿ ಮಾರ್ಪಡಿಸಿಕೊಡುತ್ತದೆ. ಅದರ ಎರಡು ತಂತಿಗಳನ್ನು ಎರಡು ಹಳಿಗಳಿಗೆ ಜೋಡಿಸಬೇಕು. ಪ್ರವಾಹವು ಒಂದು ಹಳಿಯಿಂದ ಗಾಲಿಯ ಮೂಲಕ ಮೋಟಾರನ್ನು ಹೊಕ್ಕು, ಇನ್ನೊಂದರಿಂದ ಮರಳುತ್ತದೆ.

ದೂರದ ತಿರುವಿನಲ್ಲಿ ಗಾಡಿ ಸೊರಗಿದರೆ ಎಂಜಿನ್ನನ್ನು ದೂರಬಾರದು. ಘಟಪ್ರಭೆಯ ಕಾಲುವೆಯ ಕೊನೆಯ ಹೊಲಕ್ಕೆ ನೀರು ಕ್ಷೀಣಿಸುವುದನ್ನು ಬೀಳಗಿಯ ರೈತ ಬಲ್ಲ. ಹಳಿಯ ಸಂದುಗಳಲ್ಲಿ ವಿದ್ಯುತ್ತಿನ ಒತ್ತಡವೂ ಹಾಗೆಯೇ ಕುಗ್ಗುತ್ತದೆ. ಮೇಜಿನಡಿಯಲ್ಲಿ ಎರಡು ದಪ್ಪ ತಾಮ್ರದ ತಂತಿಗಳನ್ನೆಳೆದು, ಅಲ್ಲಲ್ಲಿ ಕವಲು ತೆಗೆದು ಹಳಿಗಳಿಗೆ ಬೆಸೆಯಬೇಕು. ಒಳಹಳಿಗೆ ಕೆಂಪು, ಹೊರಹಳಿಗೆ ಕಪ್ಪು ಎಂಬ ನಿಯಮ ಎಲ್ಲಿಯಾದರೂ ತಪ್ಪಿದರೆ ಶಾರ್ಟ್ ಸರ್ಕ್ಯೂಟ್ ಆಗುವುದು ನಿಶ್ಚಿತ. ತಪ್ಪದಿದ್ದರೆ ಕಟ್ಟಕಡೆಯ ನಿಲ್ದಾಣಕ್ಕೂ ಗಾಡಿ ಮೊದಲಿನ ವೇಗದಲ್ಲಿಯೇ ಬಂದು ಸೇರುತ್ತದೆ.