ಕೆ.ಜಿ. ಬಂತು, ತೋಟವೆಲ್ಲಿ?

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಫಲಕಗಳು ಇಂದು ಗಡಿನಾಡಿನ ಹಳ್ಳಿಗಳಲ್ಲಿಯೂ ತೂಗುತ್ತಿವೆ. ಆ ಕೆ.ಜಿ. ಎಂದರೆ ಕಿಂಡರ್‌ಗಾರ್ಟನ್, ಜರ್ಮನ್ ಭಾಷೆಯಲ್ಲಿ ‘ಮಕ್ಕಳ ತೋಟ’. ನಾವು ಅಕ್ಷರಗಳನ್ನು ತಂದೆವು, ತೋಟವನ್ನು ತರಲಿಲ್ಲ.

ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಶಿಶುಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ಈ ಹೆಸರನ್ನಿಟ್ಟರು. ಅವರು ಎಳೆಯ ಕೈಗಳಿಗೆ ಕೊಟ್ಟದ್ದು ಬಣ್ಣದ ಆರು ಉಣ್ಣೆಯ ಚೆಂಡುಗಳನ್ನು, ಮರದ ಗೋಲ, ಉರುಳೆ, ಘನಗಳನ್ನು. ಬಳಿಕ ಎಂಟು ಚಿಕ್ಕ ಘನಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಇನ್ನೊಂದು ಘನವನ್ನು. ಆಟದಲ್ಲಿಯೇ ಎಣಿಕೆ, ಆಕಾರಗಳ ಅರಿವು. ಬಿತ್ತಿ ಬೆಳೆಯಲು ಮಗುವಿಗೊಂದು ಮಣ್ಣಿನ ಪಾತಿ. ಪ್ರಷ್ಯಾ ಸರ್ಕಾರ ಸಂಶಯಪಟ್ಟು 1851ರಲ್ಲಿ ಈ ಶಾಲೆಗಳನ್ನು ನಿಷೇಧಿಸಿತು. ಇಂದು ನಿಷೇಧವಿಲ್ಲ, ಮೂರು ವರ್ಷದ ಕಂದನಿಗೆ ನಕಲು ಬರಹ ಹೊರಿಸಿ ಅದರ ಜೀವವನ್ನು ನಾವೇ ತೆಗೆಯುತ್ತಿದ್ದೇವೆ.

ಇನ್ನು ಭಾಷೆಯ ಮಾತು. 1856ರಲ್ಲಿ ಮಾರ್ಗರೆಟ್ ಶುರ್ಜ್ ಅಮೆರಿಕದ ವಾಟರ್‌ಟೌನ್‌ನಲ್ಲಿ ಆ ದೇಶದ ಮೊದಲ ಕಿಂಡರ್‌ಗಾರ್ಟನ್ ತೆರೆದಾಗ ಅದು ನಡೆದದ್ದು ಜರ್ಮನ್ ಭಾಷೆಯಲ್ಲಿ. ಅವರು ಕಡಲು ದಾಟಿಯೂ ಮಕ್ಕಳಿಗೆ ತಾಯ್ನುಡಿಯನ್ನು ತಪ್ಪಿಸಲಿಲ್ಲ. ನಾವಾದರೋ ಎಲ್ಲಿಗೂ ಹೋದವರಲ್ಲ. ಗಡಿಯೇ ನಮ್ಮನ್ನು ದಾಟಿಹೋಯಿತು.

‘ಇಂಗ್ಲಿಷ್ ಬೇಡವೇ?’ ಎನ್ನುವಿರಿ. ಬೇಕು, ಬೇರೂರಿದ ಮೇಲೆ. ಕೆ.ಜಿ.ಗೆ ಹೋದ ಮಗು ಒಂದನೆಯ ತರಗತಿಗೆ ಕನ್ನಡ ಶಾಲೆಗೆ ಮರಳುವುದಿಲ್ಲ. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿದಾಗ ಮನವಿ ಹೊತ್ತು ಅಲೆಯುವ ಬದಲು, ನಮ್ಮ ಸಂಘಗಳು ಊರಿಗೊಂದು ಕನ್ನಡ ಶಿಶುವಿಹಾರವನ್ನು ತೆರೆಯಲಿ. ಅದಕ್ಕೆ ಬೇಕಾದದ್ದು ಮರದ ತುಂಡುಗಳು, ಒಂದಿಷ್ಟು ಮಣ್ಣು, ಕನ್ನಡದಲ್ಲಿ ಹಾಡಬಲ್ಲ ಒಬ್ಬ ತಾಯಿ.